ಬಿಲ್ ಆದ ಮೇಲೂ ಓಗೊಡುವ ಅಂಗಿ

ಹೊಸ ಅಂಗಿಯ ಒಳಮೈ ಹೊರಗೆ ಮಾಡಿ, ಪಕ್ಕದ ಹೊಲಿಗೆಯೊಳಗೆ ಸೇರಿಸಿ ಹೊಲಿದಿರುವ ಬಿಳಿ ಪಟ್ಟಿಗಳ ಕಂತೆಯನ್ನು ಎರಡು ಬೆರಳ ನಡುವೆ ಹಿಡಿದು ಹೊಸೆದು ನೋಡಿ. ಒಗೆಯುವ ಕ್ರಮ, ನೂಲಿನ ವಿವರ, ಅಳತೆ ಅಚ್ಚಾದ ಪಟ್ಟಿಗಳು ಮೆತ್ತಗೆ ಮಡಚಿಕೊಳ್ಳುತ್ತವೆ. ಅವುಗಳ ನಡುವೆ ಒಂದು ಮಾತ್ರ ಬಿರುಸಾಗಿದೆಯೇ? ಮಡಚಿದರೆ ಸಣ್ಣಗೆ ಸರಸರ ಎನ್ನುತ್ತದೆಯೇ? ಬೆಳಕಿಗೆ ಹಿಡಿದಾಗ ಡೊಂಕುಡೊಂಕಾಗಿ ಓಡುವ ಬೆಳ್ಳಿ ಬಣ್ಣದ ಗೆರೆ ಕಾಣುತ್ತದೆಯೇ? ಹಾಗಿದ್ದರೆ ಆ ಅಂಗಿಯಲ್ಲಿ ರೇಡಿಯೊ ಟ್ಯಾಗ್, ಅಂದರೆ ಆರ್‌ಎಫ್‌ಐಡಿ ಟ್ಯಾಗ್ ಇದೆ. ಗೆರೆಯ ನಡುವಿನ ಕಪ್ಪು ಚುಕ್ಕೆಯೇ ಚಿಪ್, ಅರ್ಧ ಮಿಲಿಮೀಟರ್‌ ಆಸುಪಾಸಿನದು. ಉಳಿದದ್ದೆಲ್ಲ ಅಲ್ಯೂಮಿನಿಯಂ ಹಾಳೆಯಿಂದ ಮಾಡಿದ ಆಂಟೆನಾ.

ಜನ ಇದನ್ನು ಟ್ರ್ಯಾಕಿಂಗ್ ಚಿಪ್ ಎನ್ನುತ್ತಾರೆ. ಆ ಹೆಸರು ಭಯ ಹುಟ್ಟಿಸುವುದೇನೋ ನಿಜ, ಆದರೆ ಭಯವನ್ನು ತಪ್ಪು ದಿಕ್ಕಿಗೆ ತಿರುಗಿಸುತ್ತದೆ. ಇದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ, ಸಿಮ್ ಇಲ್ಲ. ತಾನಾಗಿ ಯಾರಿಗೂ ಏನನ್ನೂ ಕಳಿಸಲಾರದು. ಕರೆದರೆ ಓಗೊಡುತ್ತದೆ, ಅಷ್ಟೇ ಅದರ ಕೆಲಸ. ಆತಂಕ ಪಡಬೇಕಾದದ್ದು ಎರಡು ಕಡೆ. ಕರೆದವರು ಯಾರು ಎಂದು ಅದು ವಿಚಾರಿಸುವುದಿಲ್ಲ. ಗಲ್ಲಾ ದಾಟಿ ಬೀದಿಗೆ ಬಂದ ಮೇಲೂ ಓಗೊಡುವುದನ್ನು ಬಿಡುವುದಿಲ್ಲ. ಮೊದಲನೆಯದು ಚಿಪ್‌ನ ಹುಟ್ಟುಗುಣ. ಎರಡನೆಯದು ಅಂಗಡಿಯವರ ತೀರ್ಮಾನ. ಬಾಯಿ ಮುಚ್ಚಿಸುವ ಆದೇಶ ಈ ಚಿಪ್‌ಗಳೊಳಗೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ಅದನ್ನು ಬಳಸುವ ಅಂಗಡಿ ಸಿಗುವುದೇ ಅಪರೂಪ. ಗ್ರಾಹಕರ ಖಾಸಗಿತನದ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಬಿಲ್ಲಿಂಗ್ ಕೌಂಟರಿನ ಆ ಒಂದು ಕ್ಷಣದ ಮುಂದೆ.

ಕೆಲಸ ಮಾಡುವ ಬಗೆ ಹೀಗೆ. ಟ್ಯಾಗ್ ಓದುವ ಯಂತ್ರವಾದ ರೀಡರ್ 860ರಿಂದ 960 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆಯನ್ನು ಹೊಮ್ಮಿಸುತ್ತದೆ. ಯುರೋಪಿನಲ್ಲಿ 865-868, ಅಮೆರಿಕದಲ್ಲಿ 902-928. ಆ ಅಲೆಯಿಂದಲೇ ಟ್ಯಾಗ್ ತನಗೆ ಬೇಕಾದ ವಿದ್ಯುತ್ತನ್ನು ಹೀರಿಕೊಳ್ಳುತ್ತದೆ. ಒಂದು ವಾಟ್‌ನ ಲಕ್ಷದಲ್ಲೊಂದು ಪಾಲು ಸಿಕ್ಕರೂ ಇಂದಿನ ಚಿಪ್‌ಗಳು ಎಚ್ಚೆತ್ತುಕೊಳ್ಳುತ್ತವೆ. ಎದ್ದ ಚಿಪ್ ತಾನೇ ಅಲೆ ಹುಟ್ಟಿಸುವುದಿಲ್ಲ. ಆಂಟೆನಾ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸುವ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಬಿಸಿಲಿಗೆ ಕನ್ನಡಿ ಹಿಡಿದು ದೂರದವರಿಗೆ ಮಿನುಗಿಸಿದ ಹಾಗೆ. ಆ ಮಿನುಗಿನಲ್ಲಿ ಒಂದು ಸಂಖ್ಯೆ ಇರುತ್ತದೆ. ತೆರೆದ ಜಾಗದಲ್ಲಿ, ಒಳ್ಳೆಯ ರೀಡರ್ ಇದ್ದರೆ, ಹತ್ತು ಮೀಟರಿನ ಆಸುಪಾಸಿನಿಂದಲೂ ಓದಬಹುದು. ಒಂದೇ ಸೆಕೆಂಡಿನಲ್ಲಿ ನೂರಾರು ಟ್ಯಾಗ್‌ಗಳು ಸರದಿಯಂತೆ ಉತ್ತರ ಕೊಡುತ್ತವೆ. ರ‍್ಯಾಕ್‌ನಲ್ಲಿ ತೂಗುಹಾಕಿದ ಬಟ್ಟೆಯನ್ನೆಲ್ಲ ಕೈಗೆತ್ತಿಕೊಳ್ಳದೆ ಎಣಿಸಿ ಮುಗಿಸುವ ಈ ಅನುಕೂಲಕ್ಕೇ ಅಂಗಡಿಗಳು ಇದಕ್ಕೆ ಮರುಳಾದದ್ದು. ದಾಸ್ತಾನು ಲೆಕ್ಕ ತಪ್ಪುವುದು ಬಟ್ಟೆ ವ್ಯಾಪಾರದ ಹಳೆಯ ರೋಗ; ಈ ಮದ್ದು ನಿಜಕ್ಕೂ ನಾಟುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ.

ಸಂಖ್ಯೆಯ ಒಳಗೆ ಏನಿದೆ ಎಂದು ಬಿಡಿಸಿ ನೋಡಿದರೆ ವಿಷಯ ಗಂಭೀರವಾಗುತ್ತದೆ. ಬಟ್ಟೆಯ ಟ್ಯಾಗ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 96 ಬಿಟ್‌ಗಳ ಇಪಿಸಿ, ಅಂದರೆ ಎಲೆಕ್ಟ್ರಾನಿಕ್ ಪ್ರಾಡಕ್ಟ್ ಕೋಡ್. ಮೊದಲ 8 ಬಿಟ್ ಇದು ಯಾವ ಬಗೆಯ ಸಂಖ್ಯೆ ಎಂದು ಹೇಳುತ್ತವೆ. ಆಮೇಲಿನ 3 ಬಿಟ್ ಇದು ಬಿಡಿ ವಸ್ತುವೋ ಪೆಟ್ಟಿಗೆಯೋ ಎಂಬುದಕ್ಕೆ, ಇನ್ನು 3 ಬಿಟ್ ಮುಂದಿನ ಭಾಗವನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ. ನಂತರದ 44 ಬಿಟ್‌ಗಳಲ್ಲಿ ಕಂಪನಿಯ ಸಂಖ್ಯೆ ಮತ್ತು ಸರಕಿನ ಸಂಖ್ಯೆ. ಇಲ್ಲಿಯವರೆಗೆ ಇದು ಬಾರ್‌ಕೋಡ್ ಹೇಳುವುದಕ್ಕಿಂತ ಬೇರೆ ಏನೂ ಅಲ್ಲ: ಇಂಥ ಬ್ರ್ಯಾಂಡಿನ, ಇಂಥ ಮಾದರಿಯ, ಇಂಥ ಬಣ್ಣದ, ಇಂಥ ಅಳತೆಯ ಒಳಉಡುಪು. ಕೊನೆಯ 38 ಬಿಟ್‌ಗಳೇ ಬಾರ್‌ಕೋಡಿನಲ್ಲಿಲ್ಲದ ಸಂಗತಿ. ಅದು ಕ್ರಮಸಂಖ್ಯೆ. ಒಂದೊಂದು ಮಾದರಿಯಲ್ಲೂ ಸುಮಾರು 27,488 ಕೋಟಿ ಬಿಡಿ ವಸ್ತುಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವಷ್ಟು ಜಾಗ. ಒಂದೇ ರಾಶಿಯಿಂದ ತೆಗೆದ ಒಂದೇ ಅಳತೆಯ ಎರಡು ಅಂಗಿಗಳು ಬಾರ್‌ಕೋಡಿಗೆ ಒಂದೇ, ಟ್ಯಾಗ್‌ಗೆ ಎರಡು.

ಈ ಸಂಖ್ಯೆಗೆ ಬೀಗ ಇಲ್ಲ. ಯಾವ ರೀಡರ್ ಕೇಳಿದರೂ ಅದು ಸಿಗುತ್ತದೆ, ಬಿಡಿಸುವ ಸೂತ್ರ ಎಲ್ಲರಿಗೂ ತೆರೆದ ಮಾನದಂಡ. ಚಿಪ್‌ನಲ್ಲಿ ಪಾಸ್‌ವರ್ಡ್ ಇದೆಯಲ್ಲ ಎಂದು ಕೆಲವರು ವಾದಿಸುವುದುಂಟು. ಆ ಪಾಸ್‌ವರ್ಡ್ ಸಂಖ್ಯೆಯನ್ನು ಬದಲಿಸದಂತೆ ಕಾಯುತ್ತದೆ, ಓದದಂತೆ ಕಾಯುವುದಿಲ್ಲ. ಇಪಿಸಿಯನ್ನೇ ಅಳಿಸಿಬಿಟ್ಟರೂ ಇನ್ನೊಂದು ಉಳಿಯುತ್ತದೆ: ಟಿಐಡಿ, ಅಂದರೆ ಚಿಪ್ ತಯಾರಾದಾಗಲೇ ಕೆತ್ತಿ ಬೀಗ ಹಾಕಿದ ಗುರುತು. ಅದರಲ್ಲಿ ತಯಾರಕರ ಹೆಸರು, ಚಿಪ್‌ನ ಮಾದರಿ, ಇಂದಿನ ಬಹುತೇಕ ಚಿಪ್‌ಗಳಲ್ಲಿ ಬಿಡಿ ಕ್ರಮಸಂಖ್ಯೆಯೂ ಇರುತ್ತದೆ. ಅಂಗಿಯ ಹೆಸರು ಅಳಿಸಿದರೂ ಹೆಬ್ಬೆರಳ ಗುರುತು ಉಳಿದಂತೆ.

ಅಂಗಡಿಯ ಬಾಗಿಲಲ್ಲಿ ಪೀಪೀ ಎನ್ನುವ ಎಲ್ಲವೂ ಈ ಜಾತಿಯದಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಗಟ್ಟಿ ಪ್ಲಾಸ್ಟಿಕ್ ಗುಬುಟಿನ ಒಳಗಿರುವುದು ಹಲವು ಸಲ 58 ಕಿಲೋಹರ್ಟ್ಸ್‌ನಲ್ಲಿ ಕಂಪಿಸುವ ಲೋಹದ ಪಟ್ಟಿ ಮಾತ್ರ. ಚೌಕಾಕಾರದ ಸುರುಳಿ ಇರುವ ಸ್ಟಿಕರ್ 8.2 ಮೆಗಾಹರ್ಟ್ಸ್‌ನ ಸುರುಳಿ. ಇವಕ್ಕೆ ಹೆಸರೇ ಇಲ್ಲ. ಇದ್ದೇನೆ ಅಥವಾ ಇಲ್ಲ, ಇಷ್ಟನ್ನು ಬಿಟ್ಟು ಬೇರೆ ಹೇಳಲಾರವು. ಇವುಗಳಿಂದ ಖಾಸಗಿತನಕ್ಕೆ ಏನೂ ತೊಂದರೆ ಇಲ್ಲ. ಮೂರನೆಯ ಬಗೆ ಮೊಬೈಲ್ ತಾಗಿಸಿ ಓದುವ ಎನ್‌ಎಫ್‌ಸಿ, 13.56 ಮೆಗಾಹರ್ಟ್ಸ್‌ನದು, ದುಬಾರಿ ಬ್ರ್ಯಾಂಡ್‌ಗಳು ಅಸಲಿ-ನಕಲಿ ಪತ್ತೆಗೆಂದು ಹೊಲಿಯುವಂಥದ್ದು. ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಹಾಗಾದರೆ ಯಾರಾದರೂ ಬೀದಿಯಲ್ಲಿ ನಿಂತು ನಿಮ್ಮ ಅಂಗಿಯನ್ನು ಓದಬಹುದೇ? ಓದಬಹುದು, ಆದರೆ ಹತ್ತು ಮೀಟರ್ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನುಷ್ಯನ ಮೈಯ ಬಹುಪಾಲು ನೀರು, ನೀರು ಈ ಅಲೆಗಳನ್ನು ನುಂಗುತ್ತದೆ. ಟ್ಯಾಗ್ ಚರ್ಮಕ್ಕೆ ಅಂಟಿಕೊಂಡಿದ್ದರೆ ಆಂಟೆನಾದ ಶ್ರುತಿಯೇ ತಪ್ಪಿ, ಓದುವ ದೂರ ಮೀಟರ್‌ಗಳಿಂದ ಸೆಂಟಿಮೀಟರ್‌ಗಳಿಗೆ ಇಳಿಯುತ್ತದೆ. ಮೈ ಅಡ್ಡ ಬಂದರೂ ಅಷ್ಟೆ. ಎದುರಿನಿಂದ ಕಾಣದ್ದು ಹಿಂದಿನಿಂದ ಕಾಣಬಹುದು. ಮೈಯಿಂದ ದೂರ ನಿಲ್ಲುವ ದಪ್ಪ ಕೋಟಿನ ಅಂಚಿನಲ್ಲೋ, ಬೆನ್ನಿಗೆ ಹಾಕುವ ಬ್ಯಾಗಿನ ಜೇಬಿನಲ್ಲೋ ಇರುವ ಟ್ಯಾಗ್ ಮಾತ್ರ ಚೆನ್ನಾಗಿಯೇ ಓಗೊಡುತ್ತದೆ. ಈ ಕಾರಣಕ್ಕೆ, ಮತ್ತು ಇನ್ನೊಂದು ಹೆಚ್ಚು ಮುಖ್ಯ ಕಾರಣಕ್ಕೆ, ಎಲ್ಲ ಉಡುಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಂಗಿ ದಿನಕ್ಕೊಂದು. ಕೋಟು, ಚಪ್ಪಲಿ, ಬೂಟು, ಬೆಲ್ಟು, ಬ್ಯಾಗು ತಿಂಗಳುಗಟ್ಟಲೆ ಅವೇ. ಯಾರನ್ನಾದರೂ ಮತ್ತೆ ಮತ್ತೆ ಗುರುತಿಸಲು ಬೇಕಾದದ್ದು ಬದಲಾಗದ ಒಂದು ಸಂಖ್ಯೆ. ಅದು ಬೂಟಿನ ನಾಲಿಗೆಯ ಹಿಂದಿನ ಪಟ್ಟಿಯಲ್ಲಿ ಕೂತಿದ್ದರೆ ಸಾಕು.

ಸಂಖ್ಯೆಗೆ ಮುಖ ಬರುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಟ್ಯಾಗ್ ಓದಿಯೇ ಬಿಲ್ ಮಾಡುವ ಅಂಗಡಿಯಲ್ಲಿ ಇಪಿಸಿ, ಸಮಯ, ಕಾರ್ಡಿನ ಪಾವತಿ, ಸದಸ್ಯತ್ವದ ಮೊಬೈಲ್ ನಂಬರ್ ಎಲ್ಲವೂ ಒಂದೇ ವ್ಯವಹಾರದ ದಾಖಲೆಯಡಿ ಸೇರಿಕೊಳ್ಳಬಹುದು. ವಾಪಸಾತಿಗೆ, ವಾರಂಟಿಗೆ ಇದು ಬೇಕು ಎಂಬ ಕಾರಣ ಸುಳ್ಳೇನಲ್ಲ. ಆದರೆ ಅದೇ ಸಾಲು ಮುಂದಿನ ತಿಂಗಳು ಅದೇ ಬೂಟು ತೊಟ್ಟು ಒಳಗೆ ಬಂದವರನ್ನು ಬಾಗಿಲಿನ ರೀಡರ್ ಗುರುತಿಸಲು ಸಾಕಾಗುತ್ತದೆ. ಐಬಿಎಂ 2001ರಲ್ಲೇ ಪೇಟೆಂಟ್ ಅರ್ಜಿಯೊಂದನ್ನು ಸಲ್ಲಿಸಿತ್ತು. ಟ್ಯಾಗ್ ಇರುವ ವಸ್ತುಗಳ ಮೂಲಕ ವ್ಯಕ್ತಿಗಳನ್ನು ಗುರುತಿಸಿ, ಅವರ ಓಡಾಟ ಅರಿಯುವ ವಿಧಾನ ಎಂಬುದು ಅದರ ವಿಷಯ. ಕಲ್ಪನೆ ಯಾರೋ ಅನುಮಾನದ ಮನುಷ್ಯರ ತಲೆಯಿಂದ ಬಂದದ್ದಲ್ಲ ಎನ್ನುವುದಕ್ಕೆ ಅಷ್ಟು ಸಾಕು. ಇನ್ನೂ ಒಂದು ಸೂಕ್ಷ್ಮ: ಬಿಡಿ ಕ್ರಮಸಂಖ್ಯೆ ಇಲ್ಲದಿದ್ದರೂ ಗುರುತಿಸಬಹುದು. ಇಂಥ ಮಾದರಿಯ ಬೂಟು, ಇಂಥ ಬ್ಯಾಗು, ಇಂಥ ಕೋಟು ಮೂರೂ ಒಟ್ಟಿಗೆ ಓಗೊಟ್ಟರೆ, ಆ ಕೂಟವೇ ಒಂದು ಗುರುತು. ಜಾತಕದಲ್ಲಿ ಗ್ರಹಗಳು ಕೂತ ಹಾಗೆ.

ಹಾಗೆಂದು ಎಲ್ಲ ಅಂಗಡಿಯೂ ಇದನ್ನೇ ಮಾಡುತ್ತಿದೆ ಎಂದು ಬೊಬ್ಬೆ ಹೊಡೆಯುವುದು ಸರಿಯಲ್ಲ. ಮೊಬೈಲಿನ ಆ್ಯಪ್, ಸದಸ್ಯತ್ವದ ಕಾರ್ಡು, ಛಾವಣಿಯ ಕ್ಯಾಮರಾ ಇವೆಲ್ಲ ಟ್ಯಾಗ್‌ಗಿಂತ ಸುಲಭವಾಗಿ, ನಿಖರವಾಗಿ ಆ ಕೆಲಸ ಮಾಡಿಕೊಡುತ್ತವೆ. ಟ್ಯಾಗ್ ಇವುಗಳ ಸಾಲಿನಲ್ಲಿ ಕೊನೆಯದು. ಆದರೆ ಮೊಬೈಲನ್ನು ಮನೆಯಲ್ಲಿಟ್ಟು ಬರಬಹುದು, ಸದಸ್ಯತ್ವ ಬೇಡ ಎನ್ನಬಹುದು. ಅಂಗಿಯ ಒಳಗೆ ಏನೋ ಇದೆ ಎಂದೇ ಗೊತ್ತಿಲ್ಲದವರು ಯಾವುದನ್ನು ಬೇಡ ಎನ್ನಬೇಕು?

ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆಗೆ ಇಂದಿಗಿಂತ ಹೆಚ್ಚು ಕಾವಿತ್ತು. 2003ರ ಮಾರ್ಚ್‌ನಲ್ಲಿ ಫಿಲಿಪ್ಸ್ ಕಂಪನಿ, ಬೆನೆಟನ್‌ನ ಸಿಸ್ಲಿ ಬ್ರ್ಯಾಂಡಿನ ಉಡುಪುಗಳಿಗೆ 1.5 ಕೋಟಿ ಟ್ಯಾಗ್ ಪೂರೈಸುವುದಾಗಿ ಪ್ರಕಟಿಸಿತು. ಕ್ಯಾಥರೀನ್ ಆಲ್ಬ್ರೆಕ್ಟ್ ಸ್ಥಾಪಿಸಿದ ಕಾಸ್ಪಿಯನ್ ಎಂಬ ಗ್ರಾಹಕರ ಗುಂಪು ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ವಾರಗಳೊಳಗೆ ಬೆನೆಟನ್, ತನ್ನ ಉಡುಪುಗಳಲ್ಲಿ ಅಂಥ ಟ್ಯಾಗ್ ಇಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ಅದೇ ವರ್ಷ ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಹೈ ವಿಕಮ್ ಅಂಗಡಿಯಲ್ಲಿ ಪ್ರಯೋಗ ಮಾಡಿದಾಗ, ಟ್ಯಾಗನ್ನು ಕತ್ತರಿಸಿ ಎಸೆಯಬಹುದಾದ ಲೇಬಲ್‌ನಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟಿತು. ಅದೇ ಸರಿಯಾದ ದಾರಿ ಎಂದು ಈಗಲೂ ಅನ್ನಿಸುತ್ತದೆ. ಜರ್ಮನಿಯ ರೈನ್‌ಬರ್ಗ್‌ನಲ್ಲಿ ಮೆಟ್ರೊ ಸಮೂಹದ 'ಭವಿಷ್ಯದ ಅಂಗಡಿ'ಯದು ಬೇರೆಯೇ ಪಾಠ. ಸದಸ್ಯತ್ವದ ಕಾರ್ಡಿನೊಳಗೇ ಆರ್‌ಎಫ್‌ಐಡಿ ಚಿಪ್ ಇತ್ತು, ಗ್ರಾಹಕರಿಗೆ ಅದು ಗೊತ್ತಿರಲಿಲ್ಲ. ಹೊರಗೆ ಹೋಗುವ ಮುನ್ನ ಟ್ಯಾಗ್ ನಿಷ್ಕ್ರಿಯಗೊಳಿಸಲೆಂದು ಇಟ್ಟಿದ್ದ ಯಂತ್ರ ಸರಕಿನ ಸಂಖ್ಯೆಯನ್ನು ಅಳಿಸುತ್ತಿತ್ತು, ಚಿಪ್‌ನ ಹುಟ್ಟುಸಂಖ್ಯೆಯನ್ನು ಹಾಗೇ ಬಿಡುತ್ತಿತ್ತು. 2004ರ ಫೆಬ್ರವರಿಯಲ್ಲಿ ಪ್ರತಿಭಟನೆ ನಡೆದು, ಕಾರ್ಡುಗಳನ್ನು ವಾಪಸ್ ಪಡೆಯಲಾಯಿತು.

'ನಿಷ್ಕ್ರಿಯ' ಎಂಬ ಪದವನ್ನು ಅಂದಿನಿಂದ ಹುಷಾರಾಗಿ ಕೇಳಿಸಿಕೊಳ್ಳಬೇಕು. ಕೌಂಟರಿನಲ್ಲಿ ಆ ಮಾತು ಬಂದಾಗ ಅದಕ್ಕೆ ಕನಿಷ್ಠ ಮೂರು ಅರ್ಥ ಇರಬಹುದು. ಅಂಗಡಿಯ ಡೇಟಾಬೇಸ್‌ನಲ್ಲಿ ಆ ಸಂಖ್ಯೆಯ ಮುಂದೆ 'ಮಾರಾಟವಾಗಿದೆ' ಎಂದು ಬರೆದಿರಬಹುದು. ಟ್ಯಾಗ್‌ಗೆ ಏನೂ ಆಗಿಲ್ಲ. ಚಿಪ್‌ನ ಒಂದು ಬಿಟ್ ತಿರುಗಿಸಿ ಬಾಗಿಲಿನ ಅಲಾರಂ ಕೂಗದಂತೆ ಮಾಡಿರಬಹುದು. ಸಂಖ್ಯೆ ಆಗಲೂ ಸಿಗುತ್ತದೆ. ಅಥವಾ ನಿಜಕ್ಕೂ ಕಿಲ್ ಆದೇಶ, ಅಂದರೆ ಟ್ಯಾಗನ್ನು ಕೊಲ್ಲುವ ಆದೇಶ ಕೊಟ್ಟಿರಬಹುದು. ಹೆಚ್ಚಿನ ಕಡೆ ಆಗುವುದು ಮೊದಲಿನೆರಡು.

ಕಿಲ್ ಆದೇಶ, ಈ ಟ್ಯಾಗ್‌ಗಳು ಪಾಲಿಸುವ ಜೆನ್2 ಎಂಬ ಮಾನದಂಡದ ಕಡ್ಡಾಯ ಭಾಗ. ಸಾಮಾನ್ಯವಾಗಿ ಚಿಪ್‌ನ ಕಾದಿಟ್ಟ ಮೆಮೊರಿಯಲ್ಲಿ 32 ಬಿಟ್‌ಗಳ ಕಿಲ್ ಪಾಸ್‌ವರ್ಡ್‌ಗೆ ಜಾಗ ಇದೆ. ರೀಡರ್ ಅದನ್ನು ತಲಾ 16 ಬಿಟ್‌ಗಳ ಎರಡು ಕಂತಿನಲ್ಲಿ ಕಳಿಸುತ್ತದೆ. ಪ್ರತಿ ಕಂತಿಗೂ ಮೊದಲು ಟ್ಯಾಗ್ ಒಂದು ಯಾದೃಚ್ಛಿಕ ಸಂಖ್ಯೆ ಕೊಟ್ಟು, ಪಾಸ್‌ವರ್ಡ್ ಆ ಸಂಖ್ಯೆಯ ಮುಸುಕಿನಲ್ಲಿ ಹೋಗುತ್ತದೆ. ರೀಡರ್‌ನ ಧ್ವನಿ ದೂರದವರೆಗೆ ಕೇಳಿಸುತ್ತದೆ, ಟ್ಯಾಗ್‌ನ ಪಿಸುಮಾತು ಕೇಳಿಸುವುದಿಲ್ಲ. ಕದ್ದು ಕೇಳುವವರಿಗೆ ಅರ್ಧವಷ್ಟೇ ಸಿಗಲಿ ಎಂದು ಈ ಏರ್ಪಾಟು. ಪಾಸ್‌ವರ್ಡ್ ಸರಿಹೊಂದಿದರೆ ಟ್ಯಾಗ್ 'ಆಯಿತು' ಎಂದು ಕೊನೆಯದೊಂದು ಉತ್ತರ ಕೊಟ್ಟು ಶಾಶ್ವತವಾಗಿ ಸುಮ್ಮನಾಗುತ್ತದೆ. ಮತ್ತೆ ಯಾವ ರೀಡರ್‌ಗೂ ಓಗೊಡುವುದಿಲ್ಲ, ಟಿಐಡಿಯನ್ನೂ ಹೇಳುವುದಿಲ್ಲ.

ಇಷ್ಟು ಸೊಗಸಾದ ಏರ್ಪಾಟು ಯಾಕೆ ಮೂಲೆಗೆ ಬಿದ್ದಿದೆ? ಉತ್ತರ ಪಾಸ್‌ವರ್ಡ್‌ನ ಸಂಸಾರದಲ್ಲಿದೆ. ಕಿಲ್ ಪಾಸ್‌ವರ್ಡ್ ಸೊನ್ನೆಯಾಗಿದ್ದರೆ ಟ್ಯಾಗ್ ಕಿಲ್ ಆದೇಶವನ್ನು ಪಾಲಿಸುವುದಿಲ್ಲ. ಆಕಸ್ಮಿಕವಾಗಿ ಸಾಯದಿರಲಿ ಎಂದು ಮಾನದಂಡವೇ ಹಾಗಿದೆ. ಬ್ರ್ಯಾಂಡ್‌ನವರು ಲೇಬಲ್ ಅಚ್ಚು ಹಾಕುವಾಗ ಇಪಿಸಿ ಬರೆದು, ಪಾಸ್‌ವರ್ಡ್‌ನ ಗೊಡವೆಗೆ ಹೋಗದಿದ್ದರೆ, ಕಾರ್ಖಾನೆಯ ಸೊನ್ನೆ ಹಾಗೇ ಉಳಿಯುತ್ತದೆ. ಅಂಥ ಟ್ಯಾಗನ್ನು, ಮೊದಲು ಪಾಸ್‌ವರ್ಡ್ ಬರೆಯದೆ, ಕೌಂಟರಿನಲ್ಲಿ ಯಾರೂ ಕೊಲ್ಲಲಾರರು, ಮನಸ್ಸಿದ್ದರೂ. ಸರಿ, ಪಾಸ್‌ವರ್ಡ್ ಬರೆಯೋಣ ಎಂದರೆ ಎಲ್ಲಕ್ಕೂ ಒಂದೇ ಬರೆಯುವಂತಿಲ್ಲ. ಅದು ಒಮ್ಮೆ ಸೋರಿದರೆ ಕಳ್ಳನೊಬ್ಬ ಚೀಲದಲ್ಲಿ ರೀಡರ್ ಇಟ್ಟುಕೊಂಡು ಅಂಗಡಿ ಸುತ್ತಿದರೆ ಸಾಕು, ದಾಸ್ತಾನೆಲ್ಲ ಮೂಕವಾಗುತ್ತದೆ, ಬಾಗಿಲ ಕಾವಲೂ ಸತ್ತಂತೆ. ಹಾಗಾಗಿ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಬೇಕು: ಗುಟ್ಟಿನ ಕೀಲಿಯಿಂದ ಆಯಾ ಟಿಐಡಿಗೆ ತಕ್ಕಂತೆ ಲೆಕ್ಕ ಹಾಕಿ ಬರೆಯಬೇಕು, ಓದಲಾಗದಂತೆ ಆ ಮೆಮೊರಿಗೆ ಬೀಗ ಹಾಕಬೇಕು, ಕೌಂಟರಿನ ಯಂತ್ರ ಆ ಕ್ಷಣಕ್ಕೆ ಅದನ್ನು ಮತ್ತೆ ಲೆಕ್ಕ ಹಾಕಿ ತರಬೇಕು. ಬೀಗ ಹಾಕುವುದನ್ನು ಮರೆತರೆ ಪಾಸ್‌ವರ್ಡ್ ಬಯಲಿನಲ್ಲಿಟ್ಟ ಬಿಂದಿಗೆ.

ಇದರ ಮೇಲೆ ವಿದ್ಯುತ್ತಿನ ಲೆಕ್ಕವೂ ಬರುತ್ತದೆ. ಓದಲು ಸಾಕಾಗುವ ಶಕ್ತಿ ಮೆಮೊರಿಗೆ ಬರೆಯಲು ಸಾಲದು, ಕೊಲ್ಲಲೂ ಸಾಲದು. ಐದು ಅಂಗಿ ಮಡಚಿ ಒಂದರ ಮೇಲೊಂದಿಟ್ಟರೆ ರೀಡರ್ ಐದನ್ನೂ ಎಣಿಸೀತು; ಐದಕ್ಕೂ ಕಿಲ್ ತಲುಪೀತು ಎಂಬ ಭರವಸೆ ಇಲ್ಲ, ಯಾಕೆಂದರೆ ಒಂದರ ಆಂಟೆನಾ ಇನ್ನೊಂದರ ಮೇಲೆ ಕೂತು ಶ್ರುತಿ ಕೆಡಿಸುತ್ತದೆ. ಒಂದೊಂದಾಗಿ ಮಾಡಬೇಕು, 'ಆಯಿತು' ಎಂಬ ಉತ್ತರ ಬಂತೇ ಎಂದು ನೋಡಬೇಕು, ಬರದಿದ್ದರೆ ತಿರುಗಿಸಿಟ್ಟು ಮತ್ತೆ ಮಾಡಬೇಕು. ಸಾಲು ಬೆಳೆಯುತ್ತದೆ. ಬುಟ್ಟಿಗೆ ಬಟ್ಟೆ ಹಾಕಿದ ತಕ್ಷಣ ಬಿಲ್ ಬರುತ್ತದೆ ಎಂಬ ಹೊಗಳಿಕೆಯ ಮೇಲೆ ಮಾರಿದ ವ್ಯವಸ್ಥೆಗೆ ಇದು ಹಿಡಿಸುವ ಮಾತಲ್ಲ. ಕೊನೆಯ ಪೆಟ್ಟು ವಾಪಸಾತಿಯದು: ಮರಳಿ ಬಂದ ಅಂಗಿಯ ಟ್ಯಾಗ್ ಸತ್ತಿದ್ದರೆ ಹೊಸ ಲೇಬಲ್ ಅಂಟಿಸದೆ ಮತ್ತೆ ದಾಸ್ತಾನಿಗೆ ಸೇರಿಸಲಾಗದು.

ಇವು ನೆಪಗಳಲ್ಲ, ನಿಜವಾದ ತೊಡಕುಗಳು. ಆದರೆ ಹೊಳೆ ದಾಟಿದ ಮೇಲೆ ಅಂಬಿಗನನ್ನು ಮನೆಯವರೆಗೂ ಹೊತ್ತುಕೊಂಡು ಹೋಗುವುದು ಗ್ರಾಹಕರ ಪಾಲಿಗೆ ಬಿದ್ದಿದೆ ಎನ್ನುವುದೂ ಅಷ್ಟೇ ನಿಜ. ಯುರೋಪಿಯನ್ ಕಮಿಷನ್ 2009ರ ಮೇ 12ರಂದು ಹೊರಡಿಸಿದ ಶಿಫಾರಸು ಈ ಹೊರೆಯನ್ನು ತಿರುಗಿಸಲು ನೋಡಿತು: ಮಾರಾಟದ ಜಾಗದಲ್ಲೇ, ಉಚಿತವಾಗಿ, ಟ್ಯಾಗ್ ನಿಷ್ಕ್ರಿಯವಾಗಬೇಕು ಅಥವಾ ತೆಗೆಯಬೇಕು, ಗ್ರಾಹಕರು ಇರಲಿ ಎಂದು ಒಪ್ಪಿದರೆ ಮಾತ್ರ ಬಿಡಬಹುದು. ಜೊತೆಗೆ ಒಂದು ಕಿಂಡಿಯನ್ನೂ ಬಿಟ್ಟಿತು. ಖಾಸಗಿತನಕ್ಕೆ ಅಪಾಯ ಇರುವ ಸಂಭವವಿಲ್ಲ ಎಂದು ಮೌಲ್ಯಮಾಪನ ಹೇಳಿದರೆ ತಾನಾಗಿ ನಿಷ್ಕ್ರಿಯಗೊಳಿಸಬೇಕಿಲ್ಲ. ಮೌಲ್ಯಮಾಪನ ಮಾಡುವವರು ಅಂಗಡಿಯವರೇ. ಮೇಲಾಗಿ ಅದು ಶಿಫಾರಸು, ಕಾನೂನಲ್ಲ. ಯುರೋಪಿನ ದತ್ತಾಂಶ ರಕ್ಷಣಾ ನಿಯಮವಾದ ಜಿಡಿಪಿಆರ್ ತನ್ನ 30ನೆಯ ಪೀಠಿಕಾ ಕಂಡಿಕೆಯಲ್ಲಿ ಆರ್‌ಎಫ್‌ಐಡಿ ಟ್ಯಾಗನ್ನು ಹೆಸರಿಸಿಯೇ, ವ್ಯಕ್ತಿಯೊಂದಿಗೆ ಜೋಡಿಸಬಹುದಾದ ಗುರುತುಗಳ ಸಾಲಿಗೆ ಸೇರಿಸಿದೆ. ಅಂಗಿಯ ಸಂಖ್ಯೆ ಬರೀ ಸರಕಿನ ಸಂಖ್ಯೆ ಎಂಬ ವಾದಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ.

ಕೊಲ್ಲದೆ ಬಾಯಿ ಕಟ್ಟುವ ದಾರಿಗಳೂ ಇವೆ. 2013ರಲ್ಲಿ ಬಂದ ಜೆನ್2ರ ಎರಡನೆಯ ಆವೃತ್ತಿ ಅನ್‌ಟ್ರೇಸಬಲ್ ಎಂಬ ಆದೇಶವನ್ನು ತಂದಿತು: ಇಪಿಸಿಯ ಒಂದು ಭಾಗವನ್ನು, ಟಿಐಡಿಯ ಕ್ರಮಸಂಖ್ಯೆಯನ್ನು ಮರೆಮಾಡಬಹುದು, ಓದುವ ದೂರವನ್ನೂ ತಗ್ಗಿಸಬಹುದು. ಬೇಕೆಂದಾಗ ಪಾಸ್‌ವರ್ಡ್ ಇದ್ದವರು ಮತ್ತೆ ತೆರೆಯಬಹುದು. ಆದರೆ ಇದು ಆಯ್ಕೆಯ ಅಂಶ, ಎಲ್ಲ ಚಿಪ್‌ನಲ್ಲೂ ಇಲ್ಲ. ಇಂಪಿಂಜ್ ಕಂಪನಿಯ ಎಂ700 ಸರಣಿಯಲ್ಲಿ ಪ್ರೊಟೆಕ್ಟೆಡ್ ಮೋಡ್ ಎಂಬುದಿದೆ. ಪಿನ್ ಕೊಟ್ಟರೆ ಟ್ಯಾಗ್ ಸಂಪೂರ್ಣ ಮೌನ, ವಾಪಸಾತಿಗೆ ಬಂದಾಗ ಅದೇ ಪಿನ್‌ನಿಂದ ಎಬ್ಬಿಸಬಹುದು. ವಾಪಸಾತಿಯ ತಕರಾರಿಗೆ ಇದು ನೇರ ಉತ್ತರ. ಪಾಸ್‌ವರ್ಡ್ ನಿರ್ವಹಣೆಯ ತಲೆನೋವು ಮಾತ್ರ ಹಾಗೇ ಉಳಿಯುತ್ತದೆ. ಇವೆಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾಗುವುದು 2005ರಲ್ಲಿ ಐಬಿಎಂನ ಸಂಶೋಧಕರು ಮುಂದಿಟ್ಟ ಹರಿಯುವ ಟ್ಯಾಗ್. ಅಂಚೆಚೀಟಿಯ ಹಾಗೆ ತೂತಿನ ಸಾಲು ಇರುವ ಲೇಬಲ್. ಗ್ರಾಹಕರೇ ಹರಿದರೆ ಆಂಟೆನಾದ ತೋಳು ಹೋಗಿ, ಓದುವ ದೂರ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ವಾಪಸಾತಿಗೆ ಹತ್ತಿರ ಹಿಡಿದು ಓದಬಹುದು, ದೂರದಿಂದ ಆಗದು. ಪಾಸ್‌ವರ್ಡ್ ಇಲ್ಲ, ನಂಬಿಕೆಯ ಪ್ರಶ್ನೆ ಇಲ್ಲ, ಹರಿದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇಷ್ಟು ಸರಳವಾದದ್ದು ರೂಢಿಗೆ ಬಾರದೆ ಹೋದದ್ದು ಸೋಜಿಗ.

ಝಾರಾ ಬ್ರ್ಯಾಂಡಿನ ಒಡೆಯನಾದ ಇಂಡಿಟೆಕ್ಸ್ 2014ರಲ್ಲಿ ಪ್ರಕಟಿಸಿದ ವ್ಯವಸ್ಥೆ, ಬಹುಶಃ ಬೇಕೆಂದೇನೂ ಅಲ್ಲದಿದ್ದರೂ, ಸಮಸ್ಯೆಯನ್ನೇ ಇಲ್ಲವಾಗಿಸಿತ್ತು. ಚಿಪ್ ಇದ್ದದ್ದು ಕಳವು ತಡೆಯುವ ಗಟ್ಟಿ ಪ್ಲಾಸ್ಟಿಕ್ ಟ್ಯಾಗಿನೊಳಗೆ. ಕೌಂಟರಿನಲ್ಲಿ ಅದನ್ನು ಕಳಚಿ ಮತ್ತೆ ಬಳಸುತ್ತಿದ್ದರು. ಮನೆಗೆ ಬರುತ್ತಿದ್ದದ್ದು ಬರೀ ಬಟ್ಟೆ. 2023ರಲ್ಲಿ ಅದೇ ಸಂಸ್ಥೆ ಗಟ್ಟಿ ಟ್ಯಾಗ್ ತೆಗೆದು, ಬಟ್ಟೆಯಲ್ಲೇ ಹೊಲಿದ ಚಿಪ್‌ನತ್ತ ಹೊರಳುವುದಾಗಿ ಹೇಳಿತು. ಕಳಚುವ ಸಮಯ ಉಳಿಯುತ್ತದೆ, ಸ್ವಂತ ಬಿಲ್ಲಿಂಗ್ ಸರಾಗವಾಗುತ್ತದೆ. ಆ ಉಳಿದ ಸಮಯದ ಬೆಲೆಯಾಗಿ ಚಿಪ್ ಗ್ರಾಹಕರ ಬೆನ್ನಿಗೆ ಬಿದ್ದಿತು.

ಇನ್ನು ಕತ್ತರಿಯ ವಿಷಯ. ಮೊದಲು ಎಲ್ಲಿದೆ ಎಂದು ಹುಡುಕಬೇಕು. ರಟ್ಟಿನ ಬೆಲೆಚೀಟಿಯಲ್ಲಿದ್ದರೆ ಯೋಚನೆಯೇ ಇಲ್ಲ, ಚೀಟಿಯೊಂದಿಗೇ ಹೋಗುತ್ತದೆ. ಹೊಲಿದಿದ್ದರೆ ಹೆಚ್ಚಾಗಿ ಎಡ ಪಕ್ಕದ ಒಳಹೊಲಿಗೆಯಲ್ಲಿ, ಎರಡು ಪದರದ ಪಟ್ಟಿಯ ನಡುವೆ. ಬೂಟಿನಲ್ಲಿ ನಾಲಿಗೆಯ ಹಿಂಬದಿ, ಒಳಅಟ್ಟೆಯ ಕೆಳಗೆ. ಬ್ಯಾಗಿನಲ್ಲಿ ಒಳಜೇಬಿನ ತಳ. ಈ ತರಂಗಾಂತರದ ಅರ್ಧ ಅಲೆ ಸುಮಾರು 17 ಸೆಂಟಿಮೀಟರ್. ಅದನ್ನು ಡೊಂಕಾಗಿ ಮಡಚಿ ಚಿಕ್ಕ ಜಾಗಕ್ಕೆ ಇಳಿಸಿರುತ್ತಾರೆ. ಹಾಗಾಗಿ ಚೆನ್ನಾಗಿ ಓಗೊಡುವ ಟ್ಯಾಗ್ ಗುಂಡಿಯಷ್ಟು ಚಿಕ್ಕದಿರುವುದು ಕಷ್ಟ, ಸಾಮಾನ್ಯವಾಗಿ ಬೆರಳುದ್ದ ಇರುತ್ತದೆ. ನೂಲಿನಂತೆ ಹೆಣೆದ ಟ್ಯಾಗ್‌ಗಳೂ ಬಂದಿವೆ. ಅವನ್ನು ಬೆರಳಿನಿಂದ ಪತ್ತೆ ಮಾಡುವುದು ಸುಲಭವಲ್ಲ. ಮೊಬೈಲ್ ಹಿಡಿದು ನೋಡಿದರೆ ಏನೂ ಬರುವುದಿಲ್ಲ, ಅದರಿಂದ ಟ್ಯಾಗ್ ಇಲ್ಲ ಎಂದು ತೀರ್ಮಾನಿಸಬಾರದು. ಸಾಮಾನ್ಯ ಮೊಬೈಲ್‌ಗಳು ಓದುವುದು 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿಯನ್ನು ಮಾತ್ರ.

ಅಂಗಿ ಸರಿಹೊಂದುತ್ತದೆ, ವಾಪಸ್ ಕೊಡುವುದಿಲ್ಲ ಎಂದು ಖಚಿತವಾದ ಮೇಲೆ ಕತ್ತರಿ ಹಿಡಿಯಿರಿ. ಒಗೆಯುವ ಸೂಚನೆ ಅದೇ ಪಟ್ಟಿಯಲ್ಲಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಹೊಲಿಗೆಯಿಂದ 3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಇನ್ನೂ ಒಳಗೆ ಹೋದರೆ ಪಕ್ಕದ ಹೊಲಿಗೆಯ ನೂಲು ತುಂಡಾಗಿ ಅಂಗಿಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ತೆಗೆದ ಪಟ್ಟಿಯನ್ನು ಹಾಗೇ ಕಸಕ್ಕೆ ಹಾಕದೆ ಚಿಪ್‌ನ ಚುಕ್ಕೆಯ ಮೇಲೆಯೇ ಕತ್ತರಿ ಹಾಯಿಸಿ. ಆಂಟೆನಾದ ತುದಿಗಳನ್ನಷ್ಟೇ ಕತ್ತರಿಸುವುದು ಸಾಮಾನ್ಯ ತಪ್ಪು. ಚಿಪ್‌ನ ಸುತ್ತ ಒಂದು ಸಣ್ಣ ಕುಣಿಕೆ ಇರುತ್ತದೆ. ಅದು ಉಳಿದರೆ ಹತ್ತಿರದ ರೀಡರ್‌ಗೆ ಟ್ಯಾಗ್ ಇನ್ನೂ ಉತ್ತರ ಕೊಡುತ್ತದೆ.

ಮಾಡಬಾರದ್ದರಲ್ಲಿ ಮೊದಲನೆಯದು ಮೈಕ್ರೊವೇವ್. ಚಿಪ್ ಸುಡುವುದು ನಿಜ, ಅದರ ಜೊತೆ ಆಂಟೆನಾ ಕಿಡಿ ಹಾರಿಸಿ ಬಟ್ಟೆಗೂ ಬೆಂಕಿ ತಗುಲಬಹುದು. ಅಯಸ್ಕಾಂತ ಉಜ್ಜಿದರೆ ಏನೂ ಆಗುವುದಿಲ್ಲ, ಚಿಪ್‌ನ ಮೆಮೊರಿ ಕಾಂತೀಯವಲ್ಲ. ಇಸ್ತ್ರಿಯ ಬಿಸಿಯನ್ನು ಚಿಪ್ ತಡೆದುಕೊಳ್ಳುತ್ತದೆ. ಒಗೆತದಿಂದ ಸತ್ತೀತು ಎಂಬ ನೆಚ್ಚಿಕೆಯೂ ಬೇಡ. ಕೆಲವು ಲೇಬಲ್‌ಗಳು ನಾಲ್ಕಾರು ಒಗೆತಕ್ಕೆ ಕೆಡುತ್ತವೆ, ಕೆಲವು ಕೆಡುವುದಿಲ್ಲ. ಆಸ್ಪತ್ರೆ, ಹೋಟೆಲ್‌ಗಳ ಬಟ್ಟೆಗೆಂದೇ ಮಾಡಿದ ಟ್ಯಾಗ್‌ಗಳು 200 ಒಗೆತ ತಾಳುವಂತೆ ತಯಾರಾಗುತ್ತವೆ. ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಸುತ್ತಿರುವವರೆಗೆ ಮಾತ್ರ ಮೌನ. ರೇಡಿಯೊ ಅಲೆ ಕೆಡಿಸುವ ಜ್ಯಾಮರ್‌ಗಳತ್ತ ಹೋಗಲೇಬೇಡಿ, ಬಹುತೇಕ ದೇಶಗಳಲ್ಲಿ ಅದು ಅಪರಾಧ.

ಎನ್‌ಎಫ್‌ಸಿ ಟ್ಯಾಗ್‌ನ ದೋಷ ತಿರುಗುಮುರುಗು. ಕೆಲವು ಸೆಂಟಿಮೀಟರ್‌ ಹತ್ತಿರ ಬಾರದೆ ಅದನ್ನು ಓದುವಂತಿಲ್ಲ, ಹಾಗಾಗಿ ಬೀದಿಯ ಭಯವಿಲ್ಲ. ಆದರೆ ಮೊಬೈಲ್ ತಾಗಿಸಿದರೆ ಬ್ರ್ಯಾಂಡಿನ ವೆಬ್‌ಪುಟ ತೆರೆದುಕೊಳ್ಳುತ್ತದೆ. ವಿಳಾಸದ ಕೊನೆಯಲ್ಲಿ ಆ ಬಿಡಿ ವಸ್ತುವಿನ ಸಂಖ್ಯೆ ಇದ್ದರೆ, ಯಾವ ಕೋಟನ್ನು ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ ತಾಗಿಸಲಾಯಿತು ಎಂಬುದು ಅವರ ಸರ್ವರ್‌ಗೆ ತಲುಪುತ್ತದೆ. ಇಲ್ಲಿ ಕದ್ದು ಓದುವವರು ಯಾರೂ ಬೇಕಿಲ್ಲ, ತೊಟ್ಟವರೇ ಹೇಳಿಕೊಡುತ್ತಾರೆ. ಬಿಡಿ ಸಂಖ್ಯೆ ಇರುವ ಕ್ಯೂಆರ್ ಕೋಡಿಗೂ ಇದೇ ಮಾತು.

ಮುಂದಿನ ಜಗಳ ಬೇರೆ ದಿಕ್ಕಿನಿಂದ ಬರುತ್ತಿದೆ. 2024ರ ಜುಲೈ 18ರಂದು ಜಾರಿಗೆ ಬಂದ ಯುರೋಪಿನ ಇಕೋಡಿಸೈನ್ ನಿಯಮ ಉತ್ಪನ್ನಗಳಿಗೆ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಸರಕಿನ ವಿವರಗಳ ಡಿಜಿಟಲ್ ದಾಖಲೆ ತರುತ್ತದೆ, ಬಟ್ಟೆ ಅದರ ಆದ್ಯತೆಯ ಪಟ್ಟಿಯಲ್ಲಿದೆ. ಗ್ರಾಹಕರ ವೈಯಕ್ತಿಕ ವಿವರವನ್ನು ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟಿನಲ್ಲಿ ಇಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಪಾಸ್‌ಪೋರ್ಟ್ ಮಾದರಿಗೊಂದೋ, ತಯಾರಿಕೆಯ ಕಂತಿಗೊಂದೋ, ಬಿಡಿ ವಸ್ತುವಿಗೊಂದೋ ಎಂಬುದನ್ನು ಆಯಾ ಸರಕಿನ ಉಪನಿಯಮ ತೀರ್ಮಾನಿಸುತ್ತದೆ. ಖಾಸಗಿತನದ ಕಣ್ಣಿಗೆ ಈ ಮೂರರ ನಡುವಿನ ಅಂತರ ಅಜಗಜಾಂತರ. ಹಳೆ ಬಟ್ಟೆ ವಿಂಗಡಿಸುವವರಿಗೆ ನೂಲಿನ ವಿವರ ಬೇಕು, ಅದು ಮಾದರಿಯ ಸಂಖ್ಯೆಯಿಂದಲೇ ಸಿಗುತ್ತದೆ. ರಾಶಿ ಬಟ್ಟೆಯನ್ನು ಬಿಚ್ಚದೆ ಓದಲು ರೇಡಿಯೊ ಟ್ಯಾಗ್ ಬೇಕು ಎಂಬ ವಾದಕ್ಕೆ ತೂಕವಿದೆ. ಆದರೆ ಅದಕ್ಕೆ ಕೊನೆಯ 38 ಬಿಟ್ ಯಾಕೆ ಬೇಕು ಎಂಬುದಕ್ಕೆ ಒಪ್ಪುವಂಥ ಉತ್ತರ ಕಾಣುವುದಿಲ್ಲ. ಮರುಬಳಕೆಯ ಹೆಸರಿನಲ್ಲಿ ಟ್ಯಾಗ್ ಬಟ್ಟೆಯ ಆಯುಷ್ಯವಿಡೀ ಬದುಕಿರಬೇಕು ಎನ್ನುವುದಾದರೆ, ಮಾರಾಟವಾದ ಹೊತ್ತಿಗೆ ಅದು ತನ್ನ ಮಾದರಿಯನ್ನಷ್ಟೇ ಹೇಳುವಂತೆ ಮಾಡಿ, ಕ್ರಮಸಂಖ್ಯೆಯನ್ನು ಮರೆಮಾಡಲು ಅನ್‌ಟ್ರೇಸಬಲ್ ಆದೇಶ ಸಾಕು.

ಟ್ಯಾಗ್ ಓದಿ ಬಿಲ್ ಮಾಡುವ ಅಂಗಡಿಯಲ್ಲಿ, ಹಣ ಕೊಟ್ಟಾದ ಮೇಲೆ, ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬಟ್ಟೆಯನ್ನು ಅದೇ ರೀಡರ್ ಮೇಲೆ ಇನ್ನೊಮ್ಮೆ ಇಟ್ಟು ತೋರಿಸಿ ಎಂದು ಕೌಂಟರಿನವರನ್ನು ಕೇಳಿ. ಪರದೆಯ ಮೇಲೆ 'ಈಗಾಗಲೇ ಮಾರಾಟವಾಗಿದೆ' ಎಂದು ಬಂದರೆ ಟ್ಯಾಗ್ ಜೀವಂತವಾಗಿದೆ, ಬದಲಾದದ್ದು ಡೇಟಾಬೇಸ್ ಮಾತ್ರ. ಏನೂ ಬರದಿದ್ದರೆ ಬಟ್ಟೆಯನ್ನು ತಿರುವಿ, ಮಡಿಕೆ ಬಿಚ್ಚಿ ಮತ್ತೊಮ್ಮೆ ಇಡಲು ಹೇಳಿ. ಒಂದು ಸಲದ ಮೌನವನ್ನು ನಂಬುವಂತಿಲ್ಲ.